ಮಾದಿಯ ಬಿಳಿ ಹಂದಿ

ಅಘನಾಶಿನಿ ಊರಿನ ಮಾದಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ಮಾರುವವಳು. ಗಂಡ ದಾಸ ತದಡಿ ಬಂದರಿನಿಂದ ಮೀನಿನ ಬೋಟಿಗೆ ಹೋಗುತ್ತಿದ್ದ. ಮದುವೆಯಾದ ಮೇಲೆ ಎರಡು ಸಲ ಮಾದಿಯ ಬಸಿರು ಶುರುವಿನಲ್ಲೇ ಹೋಗಿತ್ತು. “ಶಿಶು ಹಿಡ್ದು ಇಟ್ಕಳೂಕೆ ಬರದ ಮೈ” ಎಂದು ಅತ್ತೆ ಹೊನ್ನಮ್ಮ ಒಮ್ಮೆ ಅಂದದ್ದು ಅವಳ ಎದೆಯಲ್ಲಿ ಹಾಗೇ ಕೂತಿತ್ತು.

ಎಂಬತ್ನಾಲ್ಕನೇ ಇಸವಿಯಲ್ಲಿ ದಾಸ ಒಂದು ಬಿಳಿ ಹೆಣ್ಣು ಹಂದಿಮರಿ ತಂದ. ಮೀನಿನ ತಲೆ, ಗಂಜಿ ತಿಂದು ಅದು ದುಂಡಗೆ ಬೆಳೆಯಿತು. ಬೆದೆಗೆ ಬಂದಾಗ ಹೊನ್ನಾವರದ ಪಾಸ್ಕಲ್ ಎಂಬವರ ಮನೆಯ ಗಂಡು ಹಂದಿಯ ಹತ್ತಿರ ಬಿಟ್ಟರು. ವಾರ ಕಳೆದ ಮೇಲೆ ಟೆಂಪೋ ಸಿಕ್ಕಿತೆಂದು ಕಾಲು ಕಟ್ಟಿ, ಸುಡುಬಿಸಿಲಲ್ಲಿ ಹೇರಿಕೊಂಡು ಬಂದರು. ಗಬ್ಬ ನಿಲ್ಲಲಿಲ್ಲ. ಮತ್ತೆ ಬಿಟ್ಟು, ಮತ್ತೆ ಹಾಗೇ ತಂದರು. ಆಗಲೂ ನಿಲ್ಲಲಿಲ್ಲ.

“ಇದೂ ಗೊಡ್ಡೇಯ. ಕೊಯ್ಯುವವ್ರಿಗೆ ಕೊಟ್ಬಿಡು,” ಎಂದಳು ಹೊನ್ನಮ್ಮ ಮಗನಿಗೆ.

ಆ ‘ಇದೂ’ ಮಾದಿಗೆ ಚುಚ್ಚಿತು. ಮರುದಿನವೇ ಬಸ್ಸು ಹತ್ತಿ ಕುಮಟೆಗೆ ಹೋಗಿ ದನದ ಡಾಕ್ಟರು ಮಾಬ್ಲೇಶ್ವರರನ್ನು ಕರೆತಂದಳು.

ಡಾಕ್ಟರು ಹಂದಿಯನ್ನು ನೋಡಿದರು, ತಂದ ಬಗೆಯನ್ನು ಕೇಳಿದರು. ಆಮೇಲೆ ಜಗಲಿಯಲ್ಲಿ ಕೂತು ಹೇಳಿದರು: “ಹೊಟ್ಟೆಯೊಳಗಿನ ಮರಿ ಅರ್ಧ ಅಪ್ಪನದು. ತಾಯಿ ಮೈಗೆ ಅದು ಹೊರಗಿನ ನೆಂಟ. ಮುಳ್ಳು ಚುಚ್ಚಿದ್ರೆ ಮೈ ಕೀವು ಮಾಡಿ ಹೊರಗೆ ಹಾಕ್ತದಲ್ಲ, ಮರಿಯನ್ನೂ ಹಾಗೇ ಹಾಕಬಹುದಿತ್ತು. ಆದ್ರೆ ಎರಡನೇ ವಾರದಲ್ಲಿ ಮರಿಗಳು ‘ನಾವಿದ್ದೇವೆ’ ಅಂತ ತಾಯಿಗೆ ಸುದ್ದಿ ಕಳಿಸ್ತವೆ. ಆಗ ತಾಯಿ ಬೆದೆಗೆ ಬರೂದಿಲ್ಲ. ಮುಳ್ಳನ್ನ ಹೊರಗೆ ಹಾಕೂ ಮೈಯ ಕಾವಲಿನವ್ರೂ ಮರಿಗಳನ್ನ ಓಡಿಸದೆ, ಜಾಗ ಮಾಡಿ ಕೊಡ್ತಾರೆ. ಅದೆಲ್ಲ ಹ್ಯಾಗೆ ಅಂತ ದೊಡ್ಡ ದೊಡ್ಡವರು ಇನ್ನೂ ಹುಡುಕ್ತಾ ಇದ್ದಾರೆ. ನೀವು ಸರೀ ಅದೇ ಹೊತ್ತಿಗೆ ಅದನ್ನ ಬಿಸಿಲಲ್ಲಿ ಕುಲುಕಿಸಿದ್ರಿ. ಕೆಲವು ಮರಿ ಸತ್ತು, ಉಳಿದವು ತೀರಾ ಕಡಿಮೆಯಾದ್ರೆ ಸುದ್ದಿ ಮುಟ್ಟೂದೇ ಇಲ್ಲ, ಗಬ್ಬ ಹೋಗ್ತದೆ.”

ಮಾದಿ ಸೆರಗಿನ ತುದಿ ಸುತ್ತುತ್ತ ಕೇಳಿದಳು, “ಹೆಂಗಸ್ರಿಗೂ ಹಿಂಗೇಯನ್ರಾ, ಡಾಕ್ಟ್ರೇ?”

ಅವರಿಗೆ ಅರ್ಥವಾಯಿತು. “ಮನುಷ್ಯರದು ಬೇರೆ, ನಾನು ದನದ ಡಾಕ್ಟರು. ಕುಮಟೆಯಲ್ಲಿ ಲೇಡಿ ಡಾಕ್ಟರಿಗೆ ತೋರಿಸು. ಆದ್ರೆ ಒಂದು ಮಾತು ಹೇಳ್ತೇನೆ. ಬಸಿರು ನಿಲ್ಲೂದು ತಾಯಿಯೊಬ್ಬಳ ಕೈಲಿಲ್ಲ. ಹೋದ್ರೆ ಅವಳ ತಪ್ಪೂ ಅಲ್ಲ.”

ಒಳಗೆ ಅಕ್ಕಿ ಆರಿಸುತ್ತಿದ್ದ ಹೊನ್ನಮ್ಮನ ಮೊರ ನಿಂತಿತು. ಡಾಕ್ಟರು ಹೋದ ಮೇಲೆ ಆಕೆ ಹೊರಬಂದು, “ನಾ ಎಂತೆಂತದೋ ಅಂದೆ, ಮಾದಿ. ನಂಗೆ ಗೊತ್ತಿಲ್ಲಾಗಿತ್ತು,” ಎಂದಳು.

“ಆತು ಅತ್ತೆ,” ಎಂದಳು ಮಾದಿ.

ಮುಂದಿನ ಸಲ, ಡಾಕ್ಟರ ಮಾತನ್ನು ಮಾದಿಯಿಂದ ಕೇಳಿದ ಪಾಸ್ಕಲ್ ಹಂದಿಯನ್ನು ಅಲ್ಲಿಂದ ಕದಲಿಸಲು ಬಿಡಲೇ ಇಲ್ಲ. “ಗಬ್ಬ ಗಟ್ಟಿಯಾಗೂವರೆಗೆ ನಮ್ಮಲ್ಲೇ ಇರಲಿ,” ಎಂದು ತಮ್ಮ ಮಾವಿನ ಮರದ ನೆರಳಲ್ಲಿ ಇಟ್ಟುಕೊಂಡು ಸಾಕಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಘನಾಶಿನಿಯ ಕೊಟ್ಟಿಗೆಯಲ್ಲಿ ಮರಿಗಳು ಸಾಲಾಗಿ ಮಲಗಿ ಹಾಲು ಕುಡಿದವು. ಬಡಕಲು ಮರಿಯೊಂದನ್ನು ಹೊನ್ನಮ್ಮ ಮಡಿಲಲ್ಲಿಟ್ಟುಕೊಂಡು ಶಿಶುಗಳಿಗೆ ಹಾಲೂಡಿಸುವ ಒಳಲೆಯಲ್ಲಿ ಹಾಲು ಕುಡಿಸಿದಳು.

ಮಾದಿ ಲೇಡಿ ಡಾಕ್ಟರಿಗೂ ತೋರಿಸಿದಳು. ಮಕ್ಕಳಾಗಲಿಲ್ಲ. ಆ ದುಃಖ ಇತ್ತು, ಆದರೆ ತಲೆ ತಗ್ಗಿಸುವುದು ಬಿಟ್ಟುಹೋಗಿತ್ತು. ದನದ ಡಾಕ್ಟರಿಗೆ ಭಟ್ಕಳಕ್ಕೆ ವರ್ಗವಾದಾಗ, ಜಡೆಯ ಹಾಗೆ ಹೆಣೆದ ಕುಮಟೆ ಈರುಳ್ಳಿಯ ದೊಡ್ಡ ಗೊಂಚಲೊಂದನ್ನು ಹೊತ್ತು ಅತ್ತೆ ಸೊಸೆ ಇಬ್ಬರೂ ಅವರ ಮನೆಗೆ ಹೋದರು. “ಎಂತಕ್ಕೆ ಇದೆಲ್ಲ?” ಎಂದರು ಡಾಕ್ಟರು.

“ಅವತ್ತು ನೀವು ‘ಅವಳ ತಪ್ಪಲ್ಲ’ ಅಂತ ಹೇಳಿದ್ರಲ್ರಾ, ಅದ್ಕೆ,” ಎಂದಳು ಹೊನ್ನಮ್ಮ, ಸೊಸೆಗಿಂತ ಮೊದಲು.