ಅವ್ವನ ಬಲಗಾಲು

ನಮ್ಮವ್ವ ನೆಲಕ್ಕೆ ಕುಳಿತು ರೊಟ್ಟಿ ಬಡಿಯುವುದನ್ನು ಬಿಟ್ಟು ಒಲೆಯನ್ನು ಕಟ್ಟೆಯ ಮೇಲಿಡಿಸಿದಾಗ, "ಈ ವಯಸ್ಸಿಗೆ ಶೋಕಿ ಬಂತೇನವ್ವಾ" ಎಂದು ನಕ್ಕವಳು ನಾನೇ. ಅದನ್ನು ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವಳು ಮೊಣಕಾಲು ನೋವು ಅನ್ನುತ್ತಿದ್ದಳು. ನಿಜವಾಗಿ ನೋವಿದ್ದದ್ದು ತೊಡೆಸಂದಿಯಲ್ಲಿ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎರಡು ವರ್ಷ ಮೊಣಕಾಲಿಗೇ ಎಣ್ಣೆ ತಿಕ್ಕಿದೆವು. ಕುಂಟು ಹೆಚ್ಚಾಯಿತು. ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾಗದೆ ಬರಿಗಾಲಲ್ಲೇ ಕೊಟ್ಟೂರು ಜಾತ್ರೆಗೆ ಹೊರಟರೆ, ಏನೋ ಹರಕೆ ಇರಬೇಕು ಎಂದುಕೊಂಡೆವು.

ಕೊನೆಗೆ ಎಲುಬಿನ ಡಾಕ್ಟರು ಕಾಲನ್ನು ಒಳಕ್ಕೆ ತಿರುಗಿಸಿದಾಗ ಅವ್ವ ಚೀರಿದಳು. ಅವರು ಎಕ್ಸ್‌ರೇ ತೋರಿಸಿದರು.

"ಸೊಂಟದ ಕೀಲು ಸವದೈತ್ರಿ, ಎಲುಬಿಗೆ ಎಲುಬು ತಿಕ್ಕತೈತಿ. ಸುಮ್ನ ಮಲಗಿದಾಗೂ ನೋವು ಅಂದ್ರ ಇನ್ನ ಗುಳಿಗಿಗೆ ಬಗ್ಗಂಗಿಲ್ಲ. ಕೀಲು ಬದಲಿ ಮಾಡಬೇಕು. ಆಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂದ್ರಬಾರ್ದು."

ಆ ಕೊನೆಯ ಮಾತಿಗೇ ಅವ್ವ ಗೋಡೆ ಹಿಡಿದು ಎದ್ದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ.

"ಕಾಲು ಮಡಚಲಿಲ್ಲಂದ್ರ ನನ್ನ ಹೆಂಗ ಕುಂದ್ರಸ್ತೀರಿ? ಮುರೀತೀರೇನು?"

"ಮೊದ್ಲ ಬದುಕಿರೂದು ನೋಡವ್ವಾ," ಎಂದೆ.

"ನಡಿ ಮನಿಗಿ."

ನಾನು ಒತ್ತಾಯಿಸಲಿಲ್ಲ. ಆಪರೇಷನ್ನಿನ ಭಯ ನನಗೂ ಇತ್ತು. ಅವಳ ಹಟ ನನಗೊಂದು ನೆಪವಾಯಿತು. ಅವಳ ಮೇಲೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಅವ್ವ ಮೊದಲು ಅಂಗಳ ಬಿಟ್ಟಳು, ಆಮೇಲೆ ಅಡುಗೆಮನೆ. ಕೊನೆಗೆ ಎಲ್ಲವೂ ಹಾಸಿಗೆಯಲ್ಲೇ. ಬೆನ್ನು ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಸವೆದ ಕೀಲು, ಅದರ ಜೊತೆಗೆ ಮೊಣಕಾಲೂ, ಅಷ್ಟರಲ್ಲಿ ಕೊರಡಿನಂತೆ ಬಿಗಿದುಕೊಂಡಿತ್ತು. ಒಂದು ಮುಂಜಾನೆ ಅವಳ ಉಸಿರು ನಿಂತಿತು.

ಮೈ ತೊಳೆದು ಗೋಡೆಗೆ ಆನಿಸಿ ಕೂರಿಸಿದಾಗ ಎಡಗಾಲು ಮಡಚಿತು. ಬಲಗಾಲು ಮಡಚಲಿಲ್ಲ. ಬಿಸಿನೀರು ಹಾಕಿ ತಿಕ್ಕಿದೆವು. ಹಿರಿಯರೊಬ್ಬರು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

"ಮುರೀಬ್ಯಾಡ್ರಿ ಯಪ್ಪಾ," ಎಂದು ಕೈಮುಗಿದೆ.

ಕುಣಿ ತೋಡುವವರು ಮುಂದಕ್ಕೆ ಇನ್ನೆರಡು ಮೊಳ ಅಗೆದರು. ಅವ್ವನನ್ನು ಕೂರಿಸಿದೆವು, ಬಲಗಾಲು ಚಾಚಿಯೇ.