ಬೈಲಹೊಂಗಲದ ರಾಜೇಶ್ವರಿ ಹಿಮ ಮುಟ್ಟಿದ್ದು

ರಾಜೇಶ್ವರಿಯ ಮನೆಯಲ್ಲಿ ಫ್ರಿಜ್ ಇತ್ತು, ಆದರೆ ಅದರಲ್ಲಿ ಬರ್ಫ ಕಟ್ಟಲು ಆಕೆ ಎಂದೂ ಬಿಟ್ಟವಳಲ್ಲ. ಮೇಲಿನ ಖಾನೆಯಲ್ಲಿ ಬಿಳಿ ಪದರು ಕಂಡರೆ ಸಾಕು, ವೈರು ಕಿತ್ತು ಬಾಗಿಲು ತೆರೆದಿಟ್ಟು, ಅದು ಕರಗಿ ನೀರಾಗುವ ತನಕ ಆ ಕಡೆ ಮುಖ ಹಾಕುತ್ತಿರಲಿಲ್ಲ. ಓಣಿಯವರಿಗೆ ಕಾರಣ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ಆಕೆಯ ಗಂಡ ಶಿವಲಿಂಗ ದೊಡವಾಡದವನು, ಸೈನಿಕ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಗಸ್ತು ತಿರುಗುವ ತುಕಡಿಯಲ್ಲಿದ್ದ. ಸೂಟಿಯಲ್ಲಿ ಊರಿಗೆ ಬಂದಾಗ ಮಗಳು ಸಪ್ನಾಳ ಪುಟ್ಟ ಕಾಲಿಗೆ ಎರಡು ಹಲಗೆ ತುಂಡು ಬಿಗಿದು, "ಇದಕ್ಕ ಸ್ಕೀ ಅಂತಾರವ್ವಾ" ಎನ್ನುತ್ತ ಶೇಂಗಾ ಹೊಟ್ಟಿನ ಗುಡ್ಡೆಯ ಮೇಲಿಂದ ಜಾರಿಸಿ ನಗಿಸುತ್ತಿದ್ದ. ಸಪ್ನಾ ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿದ್ದಾಗ, ಒಂದು ಮುಂಜಾನೆ, ಬೆಟ್ಟದ ಹಿಮವೆಲ್ಲ ಕುಸಿದು ಆ ತುಕಡಿಯ ಮೇಲೆ ಬಿತ್ತು. ಊರಿಗೆ ಧ್ವಜ ಹೊದಿಸಿದ ಪೆಟ್ಟಿಗೆ ಬಂತು. ಸುತ್ತಲಿನ ಹಳ್ಳಿಗಳೆಲ್ಲ ನೆರೆದವು. ಪೆಟ್ಟಿಗೆ ತೆರೆಯುವುದು ಬೇಡವೆಂದು ಹಿರಿಯರು ಹೇಳಿದ್ದರಿಂದ ರಾಜೇಶ್ವರಿ ಅದರ ಮೇಲೆ ಅಂಗೈ ಇಟ್ಟಳು. ತಣ್ಣಗೆ ಕೊರೆಯಿತು. ಕಣ್ಣಿಂದ ಒಂದು ಹನಿಯೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಬೈಲಹೊಂಗಲದಲ್ಲಿ ತಮ್ಮ ಗೌರೀಶನ ಜೊತೆ ಸೇರಿ ಹಿಟ್ಟು ಬೀಸುವ, ಖಾರ ಕುಟ್ಟುವ ಗಿರಣಿ ಹಾಕಿದಳು. ಮೆಣಸಿನಕಾಯಿ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಬರುವ ಜಾಗ ಅದು. ಅಲ್ಲೇ ಆಕೆ ಮಗಳನ್ನು ಬೆಳೆಸಿದಳು.

ಸಪ್ನಾ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಳು. ದಿಲ್ಲಿಯಲ್ಲಿ ಪರೇಡ್ ಇದೆ ಎಂದು ಹೇಳಿ ಹೋದವಳು ಹಿಮಾಚಲದಲ್ಲಿ ಸ್ಕೀ ಕಲಿತು ಬಂದಳು. ಪದವಿ ಮುಗಿದ ಮೇಲೆ ಅಲ್ಲೇ ಒಂದು ಸಣ್ಣ ಬೆಟ್ಟದೂರಿನಲ್ಲಿ ಚಳಿಗಾಲವಿಡೀ ಮಕ್ಕಳಿಗೆ ಸ್ಕೀ ಕಲಿಸುವ ಕೆಲಸ ಹಿಡಿದಳು. ತಾಯಿಗೆ ಆಫೀಸಿನ ಕೆಲಸ ಎಂದಿದ್ದಳು. ಎರಡು ಚಳಿಗಾಲ ಹೀಗೇ ಕಳೆಯಿತು. ಮೂರನೆಯದಕ್ಕೆ ಕಾಯಂ ಮಾಡುತ್ತೇವೆ ಎಂದು ಮಾಲಕರು ಹೇಳಿದಾಗ, ಮುಚ್ಚಿಡಲಾಗದೆ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಳು.

"ಅವ್ವಾ, ಇದು ಅಪ್ಪ ಇದ್ದಂಥಾ ಜಾಗಾ ಅಲ್ಲ. ಭಾಳ ಸಣ್ಣದೈತಿ. ಮಕ್ಕಳನ್ನ ಕರಕೊಂಡು ಮನಿ ಮಂದಿ ಬರ್ತಾರ."

"ಎಲ್ಲಿದ್ದರೂ ಬರ್ಫ ಬರ್ಫನ. ಮನಿಗೆ ಬಾ."

"ಬರೂದಿಲ್ಲವ್ವಾ."

ರಾಜೇಶ್ವರಿ ಗಿರಣಿಗೆ ಕೀಲಿ ಹಾಕಿದಳು. "ನಡಿ, ಹೋಗಿ ಕರಕೊಂಡ ಬರೂಣು" ಎಂದು ಗೌರೀಶನನ್ನು ಹೊರಡಿಸಿದಳು. ಬೆಳಗಾವಿಯಲ್ಲಿ ರೈಲು ಹತ್ತಿ ದಿಲ್ಲಿ, ಅಲ್ಲಿಂದ ಬಸ್ಸು. ತಿರುವುಗಳಲ್ಲಿ ಗೌರೀಶ ವಾಂತಿ ಮಾಡಿಕೊಂಡ. ಆಕೆ ಕಿಟಕಿಗೆ ಸೆರಗು ಅಡ್ಡ ಹಿಡಿದು ಕುಳಿತಿದ್ದಳು.

ಗೌರೀಶ ಫೋನಿನಲ್ಲಿ ಮೊದಲೇ ತಿಳಿಸಿದ್ದ. ಅವರು ತಲುಪಿದಾಗ ಸಪ್ನಾ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಇಳಿಜಾರಿನ ಬುಡದಲ್ಲಿ ಒಂದು ಚಹಾ ಅಂಗಡಿ. ರಾಜೇಶ್ವರಿ ಅಲ್ಲಿ ಬೆಟ್ಟಕ್ಕೆ ಬೆನ್ನು ಮಾಡಿ ಕೂತಳು. ಗಂಡನ ಜೊತೆ ಸೈನ್ಯದ ಕ್ವಾರ್ಟರ್ಸಿನಲ್ಲಿದ್ದಾಗ ಕಲಿತ ಹಿಂದಿ ಇನ್ನೂ ಮರೆತಿರಲಿಲ್ಲ. ಹಾಗಾಗಿ ಸುತ್ತಲಿನವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

ಚಂಡೀಗಡದ ಹೆಣ್ಣುಮಗಳೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: ದೊಡ್ಡ ಜಾಗಕ್ಕೆ ಹೋದರೆ ಅರ್ಧ ದಿನ ಸರದಿಯಲ್ಲೇ ಕಳೆಯುತ್ತದೆ, ಅಲ್ಲಿ ಒಬ್ಬರಿಗಾಗುವ ಖರ್ಚಿನಲ್ಲಿ ಇಲ್ಲಿ ಮನೆ ಮಂದಿಯೆಲ್ಲ ಆಡಿ ಉಂಡು ಹೋಗಬಹುದು. ಮುದುಕರೊಬ್ಬರು ಗೊಣಗಿದರು: ಸ್ಕೀ ಆಡುವವರನ್ನು ಮೇಲಕ್ಕೆ ಎಳೆದೊಯ್ಯುವ ಹಗ್ಗದ ಇಂಜಿನ್ನು ವಾರಕ್ಕೊಮ್ಮೆ ಕೆಡುತ್ತದೆ, ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲ. ಮರುಕ್ಷಣವೇ, ಆದರೂ ನನ್ನ ಮೊಮ್ಮಗಳನ್ನು ಇಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ, ಅವಳು ಬೇರೆಲ್ಲಿಗೂ ಬರುವುದಿಲ್ಲ ಎನ್ನುತ್ತಾಳೆ, ಎಂದು ನಕ್ಕರು. ಅಷ್ಟರಲ್ಲಿ ಬೆಲೆಬಾಳುವ ಬೂಟು ಹಾಕಿದ್ದ ತರುಣನೊಬ್ಬ ಬೇಸರದಿಂದ ಬೆಂಚಿನ ಮೇಲೆ ಕುಸಿದ.

"ಇದೂ ಒಂದು ಇಳಿಜಾರೇ? ಶುರು ಮಾಡುವುದರೊಳಗೆ ಮುಗಿದುಹೋಗುತ್ತದೆ. ಇಲ್ಲಿ ಏನೂ ಆಗುವುದಿಲ್ಲ."

ರಾಜೇಶ್ವರಿ ಅವನ ಕಡೆ ತಿರುಗಿ ಹಿಂದಿಯಲ್ಲೇ ಕೇಳಿದಳು: "ಏನೂ ಆಗುವುದಿಲ್ಲವೇನಪ್ಪಾ?"

"ಏನಾಗುತ್ತದೆ ಆಂಟಿ? ಸಾಯಬೇಕೆಂದರೂ ಇಲ್ಲಿ ಆಗುವುದಿಲ್ಲ."

ರಾಜೇಶ್ವರಿ ಆ ಹುಡುಗನ ಮುಖವನ್ನೇ ನೋಡುತ್ತಿದ್ದಳು. "ಚಲೋ ಆತು" ಎಂದಳು, ಕನ್ನಡದಲ್ಲಿ. ಆಮೇಲೆ ಎದ್ದು ಬೆಂಚಿನ ಇನ್ನೊಂದು ಬದಿಗೆ ಬಂದು, ಬೆಟ್ಟದ ಕಡೆ ಮುಖ ಮಾಡಿ ಕೂತಳು.

ಎತ್ತರವೇನೂ ಇರಲಿಲ್ಲ. ದೇವದಾರು ಮರಗಳ ನಡುವೆ ಒಂದು ಬಿಳಿ ಹೊಲ ಓರೆಯಾಗಿ ಬಿದ್ದಂತಿತ್ತು. ಹಗ್ಗದ ಇಂಜಿನ್ನು ಆಗಲೇ ಕೆಟ್ಟು ನಿಂತಿತ್ತು. ಮೇಲುಗಡೆ ಕೆಂಪು ಜಾಕೀಟಿನ ಸಪ್ನಾ ಮಕ್ಕಳನ್ನು ಒಟ್ಟು ಮಾಡುತ್ತಿದ್ದಳು. ನಡು ಇಳಿಜಾರಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಒಂದು ಕಾಲಿನ ಸ್ಕೀ ಕಳಚಿ, ಏಳಲಾಗದೆ ಒದ್ದಾಡುತ್ತ ಅಳತೊಡಗಿದಳು. ಗೊಣಗಿದ ಮುದುಕರ ಮೊಮ್ಮಗಳು. ಅಜ್ಜನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಅವರು ಎದ್ದು ನಿಂತು ಕೂಗುವಷ್ಟರಲ್ಲಿ ರಾಜೇಶ್ವರಿ ನಡೆದುಬಿಟ್ಟಿದ್ದಳು.

ಸೀರೆ ಮೇಲಕ್ಕೆ ಸಿಕ್ಕಿಸಿ, ಜಾರುತ್ತ, ಕೈಯೂರುತ್ತ ಹತ್ತಿದಳು. "ಅಳಬ್ಯಾಡ ನನ್ನ ಬಂಗಾರಾ, ಏನೂ ಆಗಿಲ್ಲ" ಎಂದು ಕನ್ನಡದಲ್ಲೇ ಸಮಾಧಾನ ಮಾಡಿ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಾತು ತಿಳಿಯದಿದ್ದರೂ ಹುಡುಗಿ ಅವಳ ಸೆರಗು ಹಿಡಿದು ಬಿಕ್ಕುವುದನ್ನು ನಿಲ್ಲಿಸಿದಳು. ಆಗ ರಾಜೇಶ್ವರಿಗೆ ತಾನು ಯಾವುದರ ಮೇಲೆ ಕೂತಿದ್ದೇನೆಂಬುದು ಅರಿವಾಯಿತು.

ಸಪ್ನಾ ಜಾರಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಮಗುವಿನ ಸ್ಕೀ ಬಿಗಿದು, ಕೆಳಗೆ ಕಾಯುತ್ತಿದ್ದ ಗೌರೀಶನತ್ತ ಅವಳನ್ನು ಮೆಲ್ಲಗೆ ಜಾರಿಸಿದಳು. ತಾಯಿಯ ಬರಿಗೈ ಮಣಿಕಟ್ಟಿನ ತನಕ ಹಿಮದಲ್ಲಿ ಹೂತಿತ್ತು.

"ಅವ್ವಾ, ಕೈ ತಗಿ. ಮರಗಟ್ಟತೈತಿ."

"ನಿಮ್ಮಪ್ಪನ ಮ್ಯಾಲೆ ಎಷ್ಟಿತ್ತ ಇದು?"

ಸಪ್ನಾ ಪಕ್ಕದಲ್ಲಿ ಕೂತಳು. "ಎರಡ ಆಳೆತ್ತರ ಇತ್ತಂತ, ಅವ್ವಾ. ಅಪ್ಪನ ಜೋಡಿ ಇದ್ದವರ ಕಡೆ ಕೇಳೇನಿ."

"ಭಾಳ ತ್ರಾಸ ಆಗಿರಬೇಕಲ್ಲ?"

"ಭಾಳ ಹೊತ್ತ ಆಗಿರೂದಿಲ್ಲ. ಆಮ್ಯಾಲೆ ನಿದ್ದಿ ಬಂದಂಗ ಆಗತೈತಿ ಅಂತ ನಮಗ ಕಲಿಸ್ಯಾರ."

ರಾಜೇಶ್ವರಿ ಅತ್ತಳು. ಇಷ್ಟು ವರ್ಷ ಬಾರದ ಅಳು, ಬಾಯಿ ಬಿಟ್ಟು, ಊರಿನ ಹೆಂಗಸರು ಅಳುವಂತೆ ಗಂಡನ ಹೆಸರು ಹಿಡಿದು. ಸಪ್ನಾ ಆ ಕೈಯನ್ನು ತನ್ನ ಜಾಕೀಟಿನೊಳಗಿಟ್ಟುಕೊಂಡು ಕೂತಿದ್ದಳು.

ಮರಳಿ ಹೊರಡುವ ದಿನ ಆಕೆ ಕೇಳಿದಳು: "ಇಲ್ಲೇ ಇರು. ಆದ್ರ ದೊಡ್ಡ ಬೆಟ್ಟಕ್ಕ ಹೋಗೂದಿಲ್ಲ ಅಂತ ಮಾತ ಕೊಡು."

"ಮಾತ ಕೊಡೂದಿಲ್ಲವ್ವಾ. ಹೋಗೂ ಮುಂದ ನಿನಗ ಹೇಳಿ ಹೋಗತೇನಿ. ಇನ್ನ ಸುಳ್ಳ ಹೇಳೂದಿಲ್ಲ."

ರಾಜೇಶ್ವರಿಗೆ ಅದು ಸಾಲಲಿಲ್ಲ. ಆದರೂ ಒಪ್ಪಿದಳು.

ಗಿರಣಿಗೆ ಬಂದ ಹೆಂಗಸರು ಹೇಗಿತ್ತೆಂದು ಕೇಳಿದರೆ, "ಸಣ್ಣ ಜಾಗಾ. ಮಷೀನ ಕೆಟ್ಟಿರತೈತಿ, ಮಂದಿ ಚಲೋ ಅದಾರ" ಎನ್ನುತ್ತಿದ್ದಳು.

ಮರುವರ್ಷ ಸಪ್ನಾಳ ಫೋನು ಬಂತು. ಎತ್ತರದ ಬೆಟ್ಟದಲ್ಲಿ ಮುಂದಿನ ತರಬೇತಿ, ನಾಳೆಯಿಂದ. ರಾಜೇಶ್ವರಿ "ಹೋಗಿ ಬಾ" ಎಂದಳು. ಆ ದಿನಗಳಲ್ಲಿ ಗಿರಣಿ ಎಂದಿನಂತೆ ನಡೆಯಿತು. ಕುಟ್ಟಿದ ಖಾರವನ್ನೇ ಆಕೆ ಮತ್ತೆ ಕುಟ್ಟಲು ಸುರಿದಳು, ಗೌರೀಶ ನೋಡಿಯೂ ನೋಡದಂತಿದ್ದ. ಒಂದು ಮಧ್ಯಾಹ್ನ ಫೋನು ಗುಣುಗುಟ್ಟಿತು.

"ಅವ್ವಾ, ಕೆಳಗ ಇಳದೇನಿ."

"ಊಟಾ ಮಾಡಿದಿ?" ಎಂದಳು ರಾಜೇಶ್ವರಿ. ಮೆಷಿನ್ನಿನ ಸದ್ದಿಗೆ ಮಗಳ ಉತ್ತರ ಕೇಳಿಸಲಿಲ್ಲವೆಂದು ಸ್ವಿಚ್ಚು ಆರಿಸಿ, ಮತ್ತೊಮ್ಮೆ ಕೇಳಿದಳು.