ಬ್ಯಾಂಡಿಗೆ ಬಂದ ನೇಜಿಯ ಹೆಂಗಸು

ಅರವತ್ತರ ದಶಕದಲ್ಲಿ ಮೂಡಬಿದಿರೆಯ ನಮ್ಮ ಬ್ಯಾಂಡಿನಲ್ಲಿ ಗಿಟಾರು, ಹಾರ್ಮೋನಿಯಂ, ಕೊರಗರ ಡೋಲು ಎಲ್ಲವೂ ಇದ್ದವು. ಹಾಡುವವಳು ನಾನೊಬ್ಬಳೇ, ಶಾಲೆಯ ಟೀಚರು. ಆಮೇಲೆ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಒಬ್ಬ ಹೆಂಗಸು ಹಾಡಲು ಬಂದಳು. ನೆಡುವಾಗ ಹೇಳುವ ತುಳು ಪಾಡ್ದನವನ್ನು ಗಿಟಾರಿನ ಜೊತೆ ಹಾಡುವಾಗ ಅವಳ ಬಲಗೈ ನೇಜಿ ಊರುವಂತೆ ತಾನಾಗಿ ಆಡುತ್ತಿತ್ತು. ಯಾರು ಹೊಗಳಿದರೂ, "ಇದು ನನ್ನದಲ್ಲ ಮಾರಾಯ್ರೆ, ಗದ್ದೆಯದ್ದು" ಎನ್ನುತ್ತಿದ್ದಳು. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನನ್ನು ಯಾರೂ ಅಷ್ಟು ಹೊಗಳುತ್ತಿರಲಿಲ್ಲ.

ಬಂಟ್ವಾಳದ ಮದುವೆಯೊಂದರಲ್ಲಿ ನಾನು ಸಿನಿಮಾ ಹಾಡು ಹೇಳುತ್ತಿರುವಾಗಲೇ ಜನ ಅವಳ ಹಾಡು ಬೇಕೆಂದು ಕೂಗಿದರು. ಮುಂದಿನ ವಾರ ತೋಡಾರಿನಲ್ಲಿ ಕಾರ್ಯಕ್ರಮವಿತ್ತು. ಅದು ರದ್ದಾಯಿತೆಂದು ಅವಳಿಗೆ ಸುಳ್ಳು ಹೇಳಿದೆ. ಅಲ್ಲಿ ಅವಳ ಪಾಡ್ದನವನ್ನು ನಾನೇ ಹಾಡಿದೆ. ಅವಳು ಹಾಡುವಾಗ ಕೇಳಿ ಕೇಳಿ ಗುಟ್ಟಾಗಿ ಕಲಿತಿದ್ದೆ. ಚಪ್ಪಾಳೆಯೂ ಬಿತ್ತು.

ವೇದಿಕೆಯಿಂದ ಕೆಳಗಿಳಿದರೆ ಚಪ್ಪರದ ಕಂಬದ ಹತ್ತಿರ ಅವಳು ನಿಂತಿದ್ದಳು. ಕಾರ್ಯಕ್ರಮ ರದ್ದಾಗಿಲ್ಲವೆಂದು ಡೋಲಿನವನಿಂದ ತಿಳಿದು ನಡೆದೇ ಬಂದಿದ್ದಳು. ಕಾಲೆಲ್ಲ ಕೆಂಪು ಧೂಳು. ನಾನು ಬೈಗುಳಕ್ಕೆ ಕಾದೆ.

"ಚಂದ ಆಯ್ತು ಟೀಚರೇ. ಆದರೆ ಕೊನೆಯ ಸಾಲು ಒಬ್ಬರೇ ಹೇಳ್ಲಿಕ್ಕೆ ಇಲ್ಲ, ಅದಕ್ಕೆ ಜೊತೆ ಬೇಕು. ಬನ್ನಿ, ಒಟ್ಟಿಗೆ ಹೇಳುವ."

ಇಬ್ಬರೂ ಮತ್ತೆ ಹತ್ತಿ ಹಾಡಿದೆವು. ನನ್ನ ಸ್ವರ ಮೇಲೆ ಕೇಳಲೆಂದು ಅವಳು ತನ್ನ ಸ್ವರವನ್ನು ಬೇಕೆಂದೇ ತಗ್ಗಿಸಿಕೊಂಡಳು. ಅದು ನನಗೊಬ್ಬಳಿಗೇ ಗೊತ್ತಾಯಿತು. ಅವಳ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ.